ಗಂಡನ ಹೆಸರಿನಲ್ಲಿದ್ದ ಅವ್ವನ ಹಾಡು

ಫಾರ್ಮಿನ ಹನ್ನೊಂದನೆಯ ಪ್ರಶ್ನೆ ಹೀಗಿತ್ತು: ‘ನಿಮಗೆ ಬೇಕಾದ ಹಾಡಿನ ಮಾಹಿತಿಯನ್ನು ಇಂಟರ್ನೆಟ್‌ನಲ್ಲಿ ಹೇಗೆ ಹುಡುಕುತ್ತೀರಿ?’ ಅದರ ಕೆಳಗೆ ಐದು ಚೌಕ. ಹಾಡಿದವರ ಹೆಸರಿನಿಂದ, ಸಿನಿಮಾದ ಹೆಸರಿನಿಂದ, ಹಾಡಿನ ಮೊದಲ ಸಾಲಿನಿಂದ, ಇತರೆ, ಕೊನೆಗೆ ‘ಹುಡುಕುವುದಿಲ್ಲ’. ಆ ಬೇಸಿಗೆಯ ಮೊದಲ ಹತ್ತು ದಿನ ನಾನು ಔರಾದ ತಾಲ್ಲೂಕಿನ ಹಳ್ಳಿಗಳಲ್ಲಿ ತಿರುಗಿ, ಹೆಂಗಸರ ಫಾರ್ಮುಗಳಲ್ಲಿ ಈ ಕೊನೆಯ ಚೌಕಕ್ಕೇ ಗುರುತು ಹಾಕುತ್ತಾ ಹೋದೆ. ಮನೆಗಳು ಬದಲಾದವು, ಉತ್ತರ ಬದಲಾಗಲಿಲ್ಲ.

ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ಬೀದರಿನಿಂದ ಔರಾದಿಗೆ ಹೋಗುವ ಬಸ್ಸು ಖಾಲಿ ಹೋಗಿ, ಬರುವಾಗ ಗಂಟುಮೂಟೆಗಳಿಂದ ತುಂಬಿ ಬರುತ್ತಿತ್ತು. ಅಲ್ಲಿಂದ ಕೆಲವರು ಪುಣೆಗೆ, ಕೆಲವರು ಹೈದರಾಬಾದಿಗೆ. ವಿಚಿತ್ರವೆಂದರೆ ನೀರು ಹೋದ ವರ್ಷಗಳಲ್ಲೇ ಅಗ್ಗದ ಇಂಟರ್ನೆಟ್ ಬಂತು. ಗಾರೆ ಕೆಲಸಕ್ಕೆ ಹೋಗುವ ಗಂಡಸರು ಮನೆಯಲ್ಲೊಂದು ಫೋನು ಬಿಟ್ಟು ಹೋಗುತ್ತಿದ್ದರು. ಆ ಫೋನಿನಲ್ಲಿ ಗಂಡಸರು ಹಾಡು ಹುಡುಕುವ ರೀತಿಗೂ ಹೆಂಗಸರು ಹುಡುಕುವ ರೀತಿಗೂ ಏನು ವ್ಯತ್ಯಾಸ ಎಂದು ತಿಳಿಯಲು ದೂರದ ಯಾವುದೋ ಸಂಶೋಧನಾ ತಂಡ ಸರ್ವೇ ಮಾಡಿಸುತ್ತಿತ್ತು. ಬೀದರಿನ ಕಚೇರಿಯಿಂದ ಇಬ್ಬರನ್ನು ಕಳಿಸಿದ್ದರು. ಹೆಂಗಸರನ್ನು ಕೇಳಲು ನಾನು, ಗಂಡಸರನ್ನು ಕೇಳಲು ಭಾಯ್.

ಭಾಯ್ ಬೀದರಿನ ಹಳೇ ಊರಿನವರು, ಐವತ್ತು ದಾಟಿದವರು. ಮೊದಲು ಅವರದೊಂದು ಕ್ಯಾಸೆಟ್ ಅಂಗಡಿ ಇತ್ತು. ಗಂಡಸರ ಫಾರ್ಮು ಅವರಿಗೆ ಬೀಡಿ ಸೇದುವಷ್ಟರಲ್ಲಿ ಮುಗಿಯುತ್ತಿತ್ತು. ಯಾರನ್ನು ಕೇಳಿದರೂ ಹೀರೋ ಹೆಸರು, ಸಿನಿಮಾ ಹೆಸರು, ಇಲ್ಲವೇ ಡಿಜೆ ಹೆಸರು. ನಾನು ಮಾತ್ರ ಮನೆಯಿಂದ ಮನೆಗೆ ಬೆವರು ಒರೆಸಿಕೊಂಡು ಹೋಗಿ, ಚಹಾ ಕುಡಿದು, ‘ಹುಡುಕುವುದಿಲ್ಲ’ ಎಂದು ಬರೆದುಕೊಂಡು ಬರುತ್ತಿದ್ದೆ. ಡಾಬಕಾದಲ್ಲಿ ಒಬ್ಬ ಮುದುಕ ನನ್ನ ಪ್ರಶ್ನೆ ಕೇಳಿ, “ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವ. ಹಾಡಿನ ವಿಚಾರ ಬಿಟ್ಟು ನೀರಿನ ವಿಚಾರ ಬರ್ಕೋರಿ,” ಎಂದು ಎದ್ದು ಹೋದ.

ಅವಳನ್ನು ಮೊದಲು ಕಂಡದ್ದು ಅದೇ ಡಾಬಕಾದಲ್ಲಿ, ಅದೇ ದಿನ. ಮೂವತ್ತರ ಆಸುಪಾಸಿನವಳು. ತೊಡೆಯ ಮೇಲೆ ಇನ್ನೂ ಮಾತು ಬಾರದ ಮಗಳು. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದ. ಅವಳ ಅತ್ತೆ ಬಾಗಿಲಲ್ಲಿ ಹಗ್ಗದ ಹೊರಸಿನ ಮೇಲೆ ಕೂತು ನಮ್ಮ ಮಾತನ್ನೆಲ್ಲ ಕೇಳುತ್ತಿದ್ದರು. ಫಾರ್ಮಿನ ಮೊದಲ ಸಾಲಿಗೆ ಯಜಮಾನರ ಹೆಸರು ಬೇಕಿತ್ತು. ಕೇಳಿದರೆ ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳೇ ಹೊರತು ಹೇಳಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂಬ ನಂಬಿಕೆ ನಮ್ಮ ಕಡೆ ಇನ್ನೂ ಹೋಗಿಲ್ಲ. ಅತ್ತೆಯೇ ಹೇಳಿದರು, ಬರೆದುಕೊಂಡೆ.

ಹನ್ನೊಂದನೆಯ ಪ್ರಶ್ನೆಗೆ ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಹೊರಸಿನ ಕಡೆ ನೋಡಿದಳು.

“ನಾ ಹುಡಕಂಗಿಲ್ರಿ,” ಅಂದಳು.

ನಾನೂ ಗುರುತು ಹಾಕಿ ಎದ್ದೆ. ಬಸ್ಸಿನ ಹೊತ್ತಾಗಿತ್ತು.

ಬೀದರಿಗೆ ಮರಳಿದ ಮೇಲೆ ಕಚೇರಿಯಲ್ಲಿ ಫಾರ್ಮುಗಳನ್ನು ಕಂತೆ ಕಟ್ಟಿ ಕೊಟ್ಟೆವು. ಮೇಲ್ವಿಚಾರಕರು ಬಹಳ ಖುಷಿಯಾದರು. ಇಷ್ಟು ಸ್ವಚ್ಛ ಉತ್ತರ ಯಾವ ಸರ್ವೇಯಲ್ಲೂ ಬಂದಿಲ್ಲ, ಗಂಡಸರು ಹುಡುಕುತ್ತಾರೆ, ಹೆಂಗಸರು ಹುಡುಕುವುದಿಲ್ಲ, ಮುಗಿಯಿತು ಅಂದರು. ನನಗೂ ಒಳಗೊಳಗೆ ಹಾಯೆನಿಸಿತು. ಭಾಯ್ ಮಾತ್ರ ಮೂಲೆಯಲ್ಲಿ ಕೂತು ನಗುತ್ತಿದ್ದರು. ಹೊರಗೆ ಚಹಾದ ಅಂಗಡಿಯ ಮುಂದೆ ನಿಂತಾಗ ಯಾಕೆ ನಕ್ಕಿರಿ ಎಂದು ಕೇಳಿದೆ.

“ಅರೆ ಮೇಡಂ, ಹೆಂಗಸರು ಹಾಡು ಹುಡಕಂಗಿಲ್ಲ ಅಂದ್ರ ನನ್ನ ಅಂಗಡಿ ಇಷ್ಟು ವರ್ಷ ಹ್ಯಾಂಗ ನಡೀತು? ಗಂಡಸರು ಬಂದ್ರ ಪಿಚ್ಚರ್ ಹೆಸರು ಹೇಳ್ತಿದ್ರು, ಕ್ಯಾಸೆಟ್ ಕೊಡ್ತಿದ್ದೆ, ಹೋಗ್ತಿದ್ರು. ಹೆಂಗಸರು ಬಂದ್ರ ಕಿಸ್ಸಾ ಹೇಳ್ತಿದ್ರು.”

“ಕಿಸ್ಸಾ ಅಂದ್ರ?”

“ನನ್ನ ತಂಗಿ ಲಗ್ನದಾಗ, ಊಟಕ್ಕ ಕುಂತಾಗ, ಮ್ಯಾಲಿನ ಮನಿಯವರು ಹಚ್ಚಿದ್ರು ನೋಡ್ರಿ, ಆ ಹಾಡು. ಹಿಂಗ. ಹೆಸರು ಇಲ್ಲ, ಏನಿಲ್ಲ. ಅದೂ ಅಂಗಡ್ಯಾಗ ಬ್ಯಾರೆ ಗಿರಾಕಿ ಇದ್ರ ಬಾಯಿ ಬಿಡ್ತಿದ್ದಿಲ್ಲ. ಎಲ್ಲಾರೂ ಹೋಗಾತನ ನಿಂತು, ಆಮ್ಯಾಲ ಹೇಳ್ತಿದ್ರು. ನೀವು ಅತ್ತಿ ಮುಂದ ಕೂಡ್ಸಿ ಕೇಳಿದ್ರ ಯಾರು ಹೇಳ್ತಾರ?”

ಡಾಬಕಾದ ಆ ಹೆಣ್ಣುಮಗಳು ಹೊರಸಿನ ಕಡೆ ನೋಡಿದ್ದು ಕಣ್ಣಿಗೆ ಕಟ್ಟಿತು. ಹತ್ತು ದಿನದಿಂದ ನಾನು ಫಾರ್ಮನ್ನೇ ಬೈಯುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮರುದಿನ ಮೇಲ್ವಿಚಾರಕರ ಮುಂದೆ ನಿಂತು, ನನ್ನ ಕೆಲಸ ತಪ್ಪಾಗಿದೆ, ಮತ್ತೊಮ್ಮೆ ಹೋಗಬೇಕು ಅಂದೆ. ತಪ್ಪು ಒಪ್ಪಿಕೊಳ್ಳುವ ಮಾತು ಅವರಿಗೆ ಹೊಸದು. ಮೊದಲು ಸಿಟ್ಟಾದರು. ಭಾಲ್ಕಿ ತಾಲ್ಲೂಕು ಇನ್ನೂ ಬಾಕಿ ಇದೆ, ಮುಗಿದ ಊರಿಗೆ ಯಾಕೆ ಹೋಗಬೇಕು ಅಂದರು. ನಾನು ಜಗ್ಗಲಿಲ್ಲ. ಕೊನೆಗೆ, ನಾಲ್ಕು ದಿನ, ಅದರ ಮೇಲೆ ಒಂದು ತಾಸೂ ಇಲ್ಲ ಎಂದು ಫಾರ್ಮಿನ ಕಂತೆಯನ್ನು ವಾಪಸು ಕೊಟ್ಟರು.

ಆ ದಿನವೇ ಮೂರು ನಿಯಮ ಮಾಡಿಕೊಂಡೆ. ಮನೆಯೊಳಗೆ ಕೇಳಬಾರದು. ಹನ್ನೊಂದನೆಯ ಪ್ರಶ್ನೆಯನ್ನು ಇದ್ದ ಹಾಗೆ ಓದಬಾರದು. ಚೌಕಕ್ಕೆ ಗುರುತು ಹಾಕುವ ಮೊದಲು ಫಾರ್ಮಿನ ಹಿಂದಿನ ಖಾಲಿ ಬದಿಯಲ್ಲಿ ಅವರ ಕಿಸ್ಸಾ ಪೂರ್ತಿ ಬರೆದುಕೊಳ್ಳಬೇಕು. ಪ್ರಶ್ನೆಯನ್ನು ಹೀಗೆ ಬದಲಿಸಿದೆ: ‘ನಿಮಗೆ ಬೇಕಾಗಿಯೂ ಇನ್ನೂ ಸಿಗದ ಹಾಡು ಯಾವುದು?’

ಎಲ್ಲಿ ಕೇಳುವುದು ಎಂಬುದಕ್ಕೆ ಬರಗಾಲವೇ ಜಾಗ ತೋರಿಸಿತು. ಸಂತಪುರದಲ್ಲಿ ಟ್ಯಾಂಕರ್ ಬರುವ ಮೊದಲು ಕೊಡಗಳ ಪಾಳಿ ಊರ ಹೊರಗಿನ ಬೇವಿನ ಮರದಿಂದ ರಸ್ತೆಯವರೆಗೆ ಇರುತ್ತಿತ್ತು. ಪಾಳಿಯಲ್ಲಿ ಅತ್ತೆಯರು ಬರುತ್ತಿರಲಿಲ್ಲ, ಊರಲ್ಲಿ ಉಳಿದ ಗಂಡಸರೂ ಆ ಕಡೆ ಸುಳಿಯುತ್ತಿರಲಿಲ್ಲ. ತಾಸುಗಟ್ಟಲೆ ಕಾಯುವ ಹೆಂಗಸರ ನಡುವೆ ಕೂತು ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ನಗು, ಒಬ್ಬರನ್ನೊಬ್ಬರು ತಳ್ಳಾಟ. ಆಮೇಲೆ ನನ್ನ ಕೈ ಬರೆದು ಸೋತಿತು.

ಒಬ್ಬಳಿಗೆ, ಬಾಣಂತಿಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಎದುರಿನ ಹೋಟೆಲಿನಲ್ಲಿ ದಿನಾ ಬೆಳಗ್ಗೆ ಹಚ್ಚುತ್ತಿದ್ದ ಹಾಡು ಬೇಕಿತ್ತು. ಇನ್ನೊಬ್ಬಳಿಗೆ ಮೊಹರಂನಲ್ಲಿ ಅವಳ ಕಾಕಾ ಹಾಡುತ್ತಿದ್ದದ್ದು. ಒಬ್ಬಳು ಫೋನಿಗೆ, “ಗಂಡ ದೂರ ಇದ್ದಾಗ ಹೆಂಡ್ತಿ ಅಳೋ ಹಾಡು,” ಎಂದು ಹೇಳಿ ನೋಡಿದ್ದಳಂತೆ. ಅದು ಏನೇನೋ ಕುಣಿಯುವ ಹಾಡು ತೋರಿಸಿತಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು. ಹುಡುಕದವರು ಒಬ್ಬರೂ ಇರಲಿಲ್ಲ. ಹಾಡಿಗೆ ಹೆಸರಿದೆ ಎಂಬುದೇ ಅವರಿಗೆ ಮುಖ್ಯವಾಗಿರಲಿಲ್ಲ. ಎಲ್ಲಿ ಕೇಳಿದೆ, ಯಾರು ಹತ್ತಿರ ಇದ್ದರು, ಆಗ ಏನಾಗಿತ್ತು, ಇಷ್ಟೇ ಅವರ ಬಳಿ ಇದ್ದ ಗುರುತು. ಆ ಗುರುತಿನಿಂದ ಕೇಳಿದರೆ ಫೋನಿಗೆ ತಿಳಿಯುತ್ತಿರಲಿಲ್ಲ. ಬರೆದುಕೊಳ್ಳುತ್ತಾ ನನಗೂ ನನ್ನ ಅಪ್ಪ ಸೈಕಲ್ ಒರೆಸುವಾಗ ಗುನುಗುತ್ತಿದ್ದ ಒಂದು ಧಾಟಿ ನೆನಪಾಯಿತು. ಅದರ ಒಂದು ಶಬ್ದವೂ ನನಗೆ ಗೊತ್ತಿಲ್ಲ.

ಮೂರನೆಯ ದಿನ ಡಾಬಕಾಕ್ಕೆ ಹೋದೆ. ಪಾಳಿಯ ನಡುವೆ ಅವಳಿದ್ದಳು. ಮಗಳು ಬೆನ್ನಿಗಿದ್ದಳು. ನನ್ನನ್ನು ಕಂಡು ತಾನೇ ಹತ್ತಿರ ಬಂದಳು.

“ಅಕ್ಕಾ, ಅವತ್ತು ನಾ ಸುಳ್ಳು ಹೇಳಿದ್ದೆ,” ಅಂದಳು.

ಅವಳ ಕಿಸ್ಸಾ ಇದು. ಅವಳ ತವರು ಭಾಲ್ಕಿ ತಾಲ್ಲೂಕಿನ ಸಾಯಗಾಂವ. ಮದುವೆ ಅಲ್ಲಿಯೇ ಆಯಿತು. ಅರಿಶಿಣದ ದಿನ ಅವಳನ್ನು ಒಳಗೆ ಕೂರಿಸಿದ್ದರು. ಹೊರಗೆ ಅವಳ ಅವ್ವ ಬೀಸುಕಲ್ಲಿನಲ್ಲಿ ಅರಿಶಿಣ ಬೀಸುತ್ತಾ ಹಾಡಿದ್ದು ಗೋಡೆಯಾಚೆಯಿಂದ ಕೇಳಿಸಿತ್ತು. ಐದು ನುಡಿಯ ಹಾಡು. ಅವ್ವ ತೀರಿಕೊಂಡು ಏಳು ವರ್ಷ. ಅಣ್ಣ ಮನೆಗೆ ಬೀಗ ಹಾಕಿ ಹೈದರಾಬಾದಿಗೆ ಹೋಗಿದ್ದ.

“ಮೂರು ನುಡಿ ಬರ್ತಾವ್ರಿ, ಎರಡು ಹೋಗ್ಯಾವ. ಮಗಳಿಗಿ ಮಲಗಿಸುವಾಗ ಮೂರು ಹಾಡಿ ನಿಲ್ಲಿಸ್ತೇನಿ. ಅಲ್ಲೇ ಎದಿ ಹಿಡ್ಕೊಂಡಂಗ ಆಗ್ತದ. ಅವ್ವನ ಆವಾಜ್ ಭೀ ಮರೀಲಿಕತ್ತೀನಿ, ಅಕ್ಕಾ. ಮಾರಿ ನೆನಪದ, ಆವಾಜ್ ಬರವಲ್ದು.”

ಎರಡು ತಿಂಗಳ ಹಿಂದೆ ಗಂಡ ಪುಣೆಯಿಂದ ಫೋನು ಮಾಡಿದಾಗ ಒಂದು ಸುದ್ದಿ ಹೇಳಿದ್ದ. ಭಾಲ್ಕಿಯ ವಿಡಿಯೋ ಸ್ಟುಡಿಯೋದವನು ತನ್ನ ಹಳೆಯ ಮದುವೆಯ ಸಿಡಿಗಳನ್ನೆಲ್ಲ ನೆಟ್ಟಿಗೆ ಹಾಕಿದ್ದಾನೆ, ನಮ್ಮದೂ ಇದೆ, ಕೆಲಸದ ಜಾಗದಲ್ಲಿ ಯಾರೋ ತೋರಿಸಿದರು ಎಂದು. ಹೇಗೆ ನೋಡುವುದು ಎಂದು ಇವಳು ಕೇಳಿದರೆ, ಫೋನಿನ ಮೈಕ್ ಒತ್ತಿ ನನ್ನ ಹೆಸರು ಹೇಳು, ಬರುತ್ತದೆ ಅಂದನಂತೆ.

“ಹೇಳಿದ್ಯಾ?”

ಅವಳು ತಲೆ ಬಗ್ಗಿಸಿದಳು. “ಹ್ಯಾಂಗ ಹೇಳ್ಲಿ? ಅವರು ಅಷ್ಟು ಎತ್ತರದ ಮ್ಯಾಲ ನಿಂತು ಕೆಲಸ ಮಾಡ್ತಾರ.”

ಅತ್ತೆಗೆ ಹೇಳು ಅನ್ನಬಹುದಿತ್ತು. ಆದರೆ ಸತ್ತ ತಾಯಿಗಾಗಿ ಇನ್ನೂ ಅಳುತ್ತಾಳೆ ಎಂದು ಅತ್ತೆಗೆ ತಿಳಿಯುವುದು ಅವಳಿಗೆ ಬೇಡವಾಗಿತ್ತು. ಹಾಗಾಗಿ ಎರಡು ತಿಂಗಳಿಂದ ಅಡುಗೆಮನೆಯಲ್ಲಿ ಕೂತು ಫೋನಿಗೆ, “ನಮ್ಮವ್ವ ಅರಿಶಿಣ ಬೀಸೋ ಹಾಡು, ಸಾಯಗಾಂವ,” ಎಂದು ಹೇಳುತ್ತಿದ್ದಳು. ಯಾರ್ಯಾರದೋ ಅವ್ವಂದಿರು ಬರುತ್ತಿದ್ದರು. ಬರುವ ಸೋಮವಾರ ಅವಳೂ ಮಗಳನ್ನು ಕರೆದುಕೊಂಡು ಪುಣೆಗೆ ಹೊರಟಿದ್ದಳು. ಫೋನು ಅತ್ತೆಯ ಬಳಿ ಉಳಿಯುವುದಿತ್ತು. ಅಷ್ಟರೊಳಗೆ ಒಮ್ಮೆ ಅವ್ವನ ದನಿ ಕೇಳಿ, ಉಳಿದೆರಡು ನುಡಿ ಕಲಿತು ಹೋಗಬೇಕೆಂಬುದೊಂದೇ ಅವಳ ಆಸೆ.

ಹೆಸರು ನನ್ನ ಫಾರ್ಮಿನ ಮೊದಲ ಸಾಲಿನಲ್ಲೇ ಇತ್ತು. ಹತ್ತು ದಿನದ ಹಿಂದೆಯೇ ಬರೆದುಕೊಂಡಿದ್ದೆ! ಅವಳ ಫೋನು ತೆಗೆದುಕೊಂಡು ಟೈಪ್ ಮಾಡಿದೆ. ಬರಲಿಲ್ಲ. ಊರು ಸೇರಿಸಿದೆ, ಬರಲಿಲ್ಲ. ಬೀದರಿನಲ್ಲಿದ್ದ ಭಾಯ್‌ಗೆ ಫೋನು ಹಚ್ಚಿದೆ. “ಸ್ಟುಡಿಯೋದವರು ದೂಲ್ಹಾನ ಹೆಸರು, ಅವರಪ್ಪನ ಹೆಸರು, ಆಮ್ಯಾಲ ‘ಶಾದಿ’ ಅಂತ ಹಾಕ್ತಾರ. ಇಂಗ್ಲಿಷಿನಾಗ ಬರೀರಿ,” ಅಂದರು. ಅವಳ ಮಾವನ ಹೆಸರನ್ನು ಪಾಳಿಯಲ್ಲಿ ಹಿಂದಿದ್ದ ಹೆಂಗಸು ಹೇಳಿದಳು, ಇಂಗ್ಲಿಷಿನಲ್ಲಿ ಬರೆದೆ. ನಾಲ್ಕನೆಯ ಸಾಲಿನಲ್ಲಿ ಬಂತು. ತಲೆಬರಹದಲ್ಲಿ ಗಂಡಿನ ಹೆಸರು, ಗಂಡಿನ ಅಪ್ಪನ ಹೆಸರು, ಡಾಬಕಾ, ಸ್ಟುಡಿಯೋ ಹೆಸರು. ಹೆಣ್ಣಿನ ಹೆಸರಿರಲಿಲ್ಲ, ಸಾಯಗಾಂವವೂ ಇರಲಿಲ್ಲ. ಅವಳು ಎಷ್ಟು ಸಲ ಕೇಳಿದ್ದರೂ ಅದು ಸಿಗುತ್ತಿರಲಿಲ್ಲ.

ವಿಡಿಯೋ ಮುಂದಕ್ಕೆ ಓಡಿಸಿ ಅರಿಶಿಣದ ದಿನಕ್ಕೆ ತಂದೆ. ಚಪ್ಪರದ ಕೆಳಗೆ ಬೀಸುಕಲ್ಲು, ಎರಡೂ ಕಡೆ ಒಬ್ಬೊಬ್ಬರು.

“ಅವ್ವ!” ಅಂದಳು. ಅಷ್ಟು ಜೋರಾಗಿ ಅಂದಳೆಂದರೆ ಪಾಳಿಯೆಲ್ಲ ತಿರುಗಿ ನೋಡಿತು.

ಅವ್ವ ಹಾಡುತ್ತಿದ್ದಳು. ಬಾಯಿ ಆಡುತ್ತಿತ್ತು. ಆದರೆ ಫೋನಿನಿಂದ ಬರುತ್ತಿದ್ದದ್ದು ಆ ಕಾಲದ ಯಾವುದೋ ಹಿಂದಿ ಸಿನಿಮಾದ ಹಾಡು. ಸ್ಟುಡಿಯೋದವನು ಎಲ್ಲ ಮದುವೆಗಳಿಗೂ ಮಾಡುವಂತೆ ಇಲ್ಲಿಯೂ ಇದ್ದ ದನಿ ತೆಗೆದು ಸಿನಿಮಾ ಹಾಡು ಕೂರಿಸಿದ್ದ. ಒಂದು ಗಂಡಿನ ದನಿ, ಒಂದು ಹೆಣ್ಣಿನ ದನಿ, ಹಿಂದೆ ಪಿಟೀಲು. ಅವಳು ಕೈ ಬೆರಳಿಂದ ಫೋನಿನ ಗಾಜನ್ನು ಒರೆಸಿದಳು, ದನಿ ಅದರ ಕೆಳಗೆಲ್ಲೋ ಇದೆಯೆಂಬಂತೆ. ನಾನು ಆ ಸ್ಟುಡಿಯೋದವನಿಗೆ ಮನಸಾರೆ ಶಾಪ ಹಾಕಿದೆ. ಇಷ್ಟು ದೂರ ಕರೆತಂದು ಇವಳಿಗೆ ಇದನ್ನು ತೋರಿಸಿದೆನಲ್ಲಾ ಎಂದು ನನ್ನ ಮೇಲೂ ಸಿಟ್ಟು ಬಂತು.

ಅಷ್ಟರಲ್ಲಿ ಟ್ಯಾಂಕರ್ ಬಂತು. ಕೊಡಗಳು ಎದ್ದವು, ಕೂಗಾಟ ಶುರುವಾಯಿತು. ಅವಳು ಏಳಲಿಲ್ಲ. ಹಿಂದಿದ್ದ ಹೆಂಗಸು ಏನೂ ಕೇಳದೆ ಇವಳ ಎರಡು ಕೊಡಗಳನ್ನೂ ತನ್ನವುಗಳ ಜೊತೆ ಎತ್ತಿಕೊಂಡು ಹೋದಳು.

“ಅಕ್ಕಾ, ಆ ಹಾಡಿನ ಆವಾಜ್ ಬಂದ್ ಮಾಡ್ರಿ,” ಅಂದಳು.

ಮಾಡಿದೆ. ಈಗ ಅವ್ವ ಮಾತ್ರ ಉಳಿದಳು. ಇವಳು ಆ ತುಟಿಗಳನ್ನೇ ನೋಡುತ್ತಾ ಸಣ್ಣಗೆ ಹಿಡಿದಳು:

ನಿಧಾನ ತಿರುಗವ್ವ ಅರಿಶಿಣದ ಬೀಸುಕಲ್ಲ
ನಿದ್ದಿ ಹತ್ತ್ಯಾದ ನನ ಮಗಳೀಗಿ

ಮೂರು ನುಡಿ ಹಾಗೇ ಸಾಗಿತು. ತುಟಿಗೆ ತುಟಿ ಕೂಡುತ್ತಿತ್ತು. ನಾಲ್ಕನೆಯದಕ್ಕೆ ಇವಳು ತಡವರಿಸಿದಳು. ವಿಡಿಯೋದಲ್ಲಿ ಅವ್ವ ಕಲ್ಲಿನ ಗೂಟ ಬಿಟ್ಟು, ಎರಡೂ ಕೈಯಿಂದ ಸೆರಗಿನ ಉಡಿ ಹಿಡಿದು ತೋರಿಸಿದಳು. ಮತ್ತೆ ಹಿಂದಕ್ಕೆ ಓಡಿಸಿದೆ. ಮತ್ತೆ ಉಡಿ. ಮೂರನೆಯ ಸಲ ಇವಳ ಬಾಯಿಂದ ಅದು ತಾನಾಗಿ ಬಂತು:

ಉಡಿ ತುಂಬಿ ಕಳಸೇನಿ ಅಕ್ಕಿ ಕೊಬ್ಬರಿ ಬೆಲ್ಲ
ಕಡಿಮಿ ಬಿದ್ದದ್ದು ಹೇಳವ್ವ

ಹಾಡಿ ಮುಗಿಸಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಐದನೆಯದಕ್ಕೆ ಅವ್ವ ಬಾಯಿ ತೆರೆದಳು, ಅದೇ ಹೊತ್ತಿಗೆ ಬೀಗರು ಬಂದರೆಂದು ಕ್ಯಾಮೆರಾ ಬಾಗಿಲ ಕಡೆ ತಿರುಗಿತು. ತಲೆಗೆ ಪಟಗಾ ಸುತ್ತಿದ ಗಂಡಸರು ಒಬ್ಬೊಬ್ಬರಾಗಿ ಒಳಗೆ ಬಂದರು. ಮತ್ತೆ ಅವ್ವನ ಕಡೆ ಅದು ತಿರುಗಲೇ ಇಲ್ಲ. ಎಷ್ಟು ಸಲ ಹಿಂದೆ ಮುಂದೆ ಓಡಿಸಿದರೂ ಗಂಡಸರೇ ಬರುತ್ತಿದ್ದರು.

“ಇಷ್ಟಾದರೂ ಸಿಕ್ತಲ್ಲ, ತಂಗಿ,” ಅಂದೆ. ಹೇಳಬಾರದಿತ್ತು.

ಅವಳು ಕಣ್ಣೊರೆಸಿಕೊಂಡು ಫೋನನ್ನು ಮತ್ತೆ ಬೀಸುಕಲ್ಲಿನ ಹತ್ತಿರ ತಂದು ನಿಲ್ಲಿಸಲು ಹೇಳಿದಳು. ಕಲ್ಲಿನ ಆಚೆ ಕೂತವಳ ಮುಖವನ್ನು ಬೆರಳಿಂದ ಮುಟ್ಟಿದಳು. ಅವಳ ಬಾಯಿಯೂ ಆಡುತ್ತಿತ್ತು.

“ಮಗ್ಗಲ ಮನಿ ಆಯಿ! ನಾ ಒಳಗಿದ್ದೆ, ಯಾರು ಜೋಡಿ ಕುಂತಿದ್ರು ನನಗ ಗೊತ್ತೇ ಇದ್ದಿಲ್ಲ. ಆಯಿಗಿ ಪೂರಾ ಬರ್ತದ್ರಿ. ಇನ್ನಾ ಜೀವ ಇದ್ದರ.”

ಸೋಮವಾರದೊಳಗೆ ಅವಳಿಗೆ ಸಾಯಗಾಂವಕ್ಕೆ ಹೋಗಿ ಬರಲು ಸಾಧ್ಯವಿರಲಿಲ್ಲ. ನನಗೆ ಹೇಗೂ ಭಾಲ್ಕಿ ತಾಲ್ಲೂಕಿನ ಸರ್ವೇ ಇತ್ತು. ನಾನು ಹೋಗುತ್ತೇನೆ ಅಂದೆ. ಅವಳು ಗಂಡನ ಫೋನ್ ನಂಬರು ಕೊಟ್ಟಳು.

ಕಚೇರಿಯಲ್ಲಿ ಹಿಂಬದಿ ತುಂಬಿದ ಫಾರ್ಮುಗಳನ್ನು ಕೊಟ್ಟಾಗ ಮೇಲ್ವಿಚಾರಕರು ಇದನ್ನು ಯಾವ ಚೌಕಕ್ಕೆ ಹಾಕುವುದು ಎಂದು ತಲೆ ಹಿಡಿದುಕೊಂಡರು. ‘ಇತರೆ’ಗೆ ಹಾಕಿ, ಹಿಂಬದಿಯನ್ನೂ ಜೊತೆಗೆ ಕಳಿಸಿ ಅಂದೆ. ಗೊಣಗಿದರು, ಆದರೆ ಕಳಿಸಿದರು. ಅಲ್ಲಿ ಅದನ್ನು ಯಾರಾದರೂ ಓದಿದರೋ ಇಲ್ಲವೋ ನನಗೆ ತಿಳಿಯದು.

ಸೋಮವಾರ ಅವಳು ಪುಣೆಗೆ ಹೋದಳು, ಗುರುವಾರ ನಾನು ಸಾಯಗಾಂವದಲ್ಲಿದ್ದೆ. ಬೀಗ ಹಾಕಿದ ಮನೆಯ ಮಗ್ಗುಲಲ್ಲೇ ಆಯಿ ಇದ್ದಳು. ಹಲ್ಲು ಬಿದ್ದಿದ್ದವು, ಕಿವಿ ಚುರುಕಿತ್ತು. ವಿಷಯ ಹೇಳಿದೆ. “ಆ ಹುಡುಗಿ ಈ ಹಾಡಿಗಾಗಿ ಇಷ್ಟು ಹುಡುಕ್ಯಾಳ? ಒಂದು ಮಾತು ಕೇಳಿ ಕಳಸಬಾರದಾಗಿತ್ತ?” ಅಂದಳು. ಪುಣೆಗೆ ಫೋನು ಹಚ್ಚಿದೆ. ಗಂಡ ಎತ್ತಿದ. ಹಿಂದೆ ಕಾಂಕ್ರೀಟ್ ಯಂತ್ರದ ಗರಗರ. ನಾನು ಯಾರೆಂದು ಹೇಳಿದ ಕೂಡಲೇ, “ತಡೀರಿ ಮೇಡಂರೀ, ಕರೀತೇನಿ,” ಎಂದು ಓಡಿದ. ಅವಳು ಬಂದಳು. ನಾನು ಫೋನನ್ನು ಆಯಿಯ ಬಾಯಿಗೆ ಹಿಡಿದೆ. ಆಯಿ ಮೊದಲ ನಾಲ್ಕು ನುಡಿ ಹಾಡಿ, ನಿಲ್ಲದೆ ಐದಕ್ಕೆ ಹೋದಳು:

ಹಗಲಿದ್ದರ ಹಗಲ ಬಾ, ಇರುಳಿದ್ದರ ಇರುಳ ಬಾ
ಅಗಳಿ ಹಾಕಿಲ್ಲ ಬಾಗಿಲಕ

ಆಚೆಯಿಂದ ಯಂತ್ರದ ಸದ್ದು ಮಾತ್ರ. ನನ್ನೆದುರು ಆ ಮನೆಯ ಬಾಗಿಲು, ಅದಕ್ಕೆ ತುಕ್ಕು ಹಿಡಿದ ಬೀಗ. ನಾನು ಅತ್ತುಬಿಟ್ಟೆ, ಆಯಿ ನನ್ನ ಬೆನ್ನು ಸವರಿದಳು.

ಆಮೇಲೆ ಗಂಡನ ದನಿ ಬಂತು. “ಮೇಡಂರೀ, ಆಯಿಗಿ ಮತ್ತೊಮ್ಮಿ ಹಾಡಕ್ಕ ಹೇಳ್ರಿ. ಈಕಿ ಅಳ್ಲಿಕತ್ತಾಳ. ನಮ್ಮ ಹುಡುಗರ ಫೋನಿನಾಗ ರೆಕಾರ್ಡ್ ಮಾಡ್ಕೋತೇನಿ.”

ಆಯಿ ಮತ್ತೊಮ್ಮೆ ಹಾಡಿದಳು. ಈ ಸಲ ಯಂತ್ರ ನಿಲ್ಲಿಸಿದ್ದರು. ಹಾಡು ಮುಗಿದ ಮೇಲೆ ಅಲ್ಲಿ ಗಂಡ ಹೆಂಡಿರ ಮಾತು ನನಗೂ ಆಯಿಗೂ ಕೇಳಿಸಿತು.

“ರೆಕಾರ್ಡ್ ಆಗ್ಯಾದ. ಹೆಸರು ಹಾಕಬೇಕಂತ. ಏನು ಹಾಕ್ಲಿ?”

“ನಮ್ಮವ್ವಂದು ಹಾಕ್ರಿ.”

ಅವನು ಅಳಿಯನಾಗಿ ಒಂಬತ್ತು ವರ್ಷವಾಗಿತ್ತು.

“ಅತ್ತಿ ಹೆಸರು ಏನಿತ್ತು?” ಎಂದು ಕೇಳಿದ.

“ಪ್ರಯಾಗಬಾಯಿ,” ಅಂದಳು. ಯಂತ್ರ ಮತ್ತೆ ಶುರುವಾಗಿತ್ತು, ಅವನಿಗೆ ಕೇಳಿಸಲಿಲ್ಲ. ಅವಳು ಗಂಟಲೆತ್ತಿ ಕೂಗಿದಳು, “ಪ್ರಯಾಗಬಾಯಿ!”